ಮ್ಯೂನಿಕ್‌ಗೆ ಬರುವವರಿಗೆ: ಮೊದಲು ವಾರ ನೋಡಿ, ಆಮೇಲೆ ಊರು ನೋಡಿ

ಶನಿವಾರ ರಾತ್ರಿ ಎಂಟೂಕಾಲಿಗೆ ನನಗೆ ಬರುವ ಫೋನ್ ಹೆಚ್ಚುಕಮ್ಮಿ ಒಂದೇ. "ಅಂಗಡಿಯೆಲ್ಲ ಬಾಗಿಲು ಹಾಕಿದೆಯಲ್ಲೋ, ನಾಳೆ ಎಷ್ಟು ಹೊತ್ತಿಗೆ ತೆಗೀತಾರೆ?" ನಾಳೆ ತೆಗೆಯುವುದಿಲ್ಲ. ಸೋಮವಾರ ಬೆಳಿಗ್ಗೆ ಇವರ ವಿಮಾನ. ಊರಿನಲ್ಲಿ ಬರೆದುಕೊಟ್ಟ ಪಟ್ಟಿ ಹಾಗೇ ಜೇಬಿನಲ್ಲಿ ಉಳಿಯುತ್ತದೆ.

ನಮ್ಮ ಮನೆಗೆ ಬಂದುಹೋದ ನೆಂಟರು, ಗೆಳೆಯರು ಎಡವಿದ ಜಾಗಗಳನ್ನೆಲ್ಲ ಲೆಕ್ಕ ಹಾಕಿದರೆ ಬಹುಪಾಲು ತಪ್ಪು ಆಗಿದ್ದು ಏನು ನೋಡಬೇಕು ಎಂಬುದರಲ್ಲಿ ಅಲ್ಲ, ಯಾವಾಗ ಎಂಬುದರಲ್ಲಿ. ಅದಕ್ಕೇ ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ನಾಲ್ಕೈದು ದಿನದ ಭೇಟಿ ಎಂದುಕೊಂಡು ಬರೆದಿದ್ದೇನೆ.

## ಹಂತ 1: ಟಿಕೆಟ್ ಬುಕ್ ಮಾಡುವ ಮೊದಲು ದಿನ ಹಂಚಿಕೊಳ್ಳಿ

ಮ್ಯೂನಿಕ್ ಇರುವುದು ಜರ್ಮನಿಯ ಬವೇರಿಯಾ ರಾಜ್ಯದಲ್ಲಿ. ಇಲ್ಲಿ ಅಂಗಡಿಗಳು ಸೋಮವಾರದಿಂದ ಶನಿವಾರದವರೆಗೆ ಮಾತ್ರ ತೆರೆದಿರುತ್ತವೆ, ಅದೂ ರಾತ್ರಿ 8ರ ತನಕ. ಭಾನುವಾರ ಬಟ್ಟೆ ಅಂಗಡಿ, ಮಾಲ್, ಸೂಪರ್‌ಮಾರ್ಕೆಟ್ ಎಲ್ಲ ಬಂದ್. ತೆರೆದಿರುವುದು ಹೋಟೆಲ್, ಮ್ಯೂಸಿಯಂ, ಕೆಲವು ಗಂಟೆ ಬೇಕರಿ, ಜೊತೆಗೆ ದೊಡ್ಡ ರೈಲು ನಿಲ್ದಾಣ ಮತ್ತು ವಿಮಾನ ನಿಲ್ದಾಣದ ಒಳಗಿನ ಅಂಗಡಿಗಳು.

ಸರ್ಕಾರಿ ರಜೆಗಳೂ ಹೀಗೇ. ಜನವರಿ 6, ಮೇ 1, ಆಗಸ್ಟ್ 15, ಅಕ್ಟೋಬರ್ 3, ನವೆಂಬರ್ 1, ಡಿಸೆಂಬರ್ 25 ಮತ್ತು 26 ಪೂರ್ತಿ ರಜೆ. ಈಸ್ಟರ್ ಸುತ್ತಮುತ್ತಲಿನ ರಜೆಗಳು ಪ್ರತಿವರ್ಷ ಬದಲಾಗುತ್ತವೆ. ಡಿಸೆಂಬರ್ 24ರಂದು ಮಧ್ಯಾಹ್ನಕ್ಕೇ ಬಾಗಿಲು. ಆಗಸ್ಟ್ 15 ಅಲ್ಲೂ ರಜೆಯಾ ಅಂತ ಕೇಳಬೇಡಿ, ಅದು ಮೇರಿ ಮಾತೆಯ ಹಬ್ಬ.

ಹಾಗಾಗಿ ಶಾಪಿಂಗ್‌ಗೆ ವಾರದ ಮಧ್ಯದ ದಿನ ಇಡಿ. ಭಾನುವಾರವನ್ನು ಪಾರ್ಕ್, ನದಿ, ಕೆರೆಗೆ ಬಿಡಿ. ಶನಿವಾರ ಬಂದು ಸೋಮವಾರ ಹೋಗುವ ಪ್ಲ್ಯಾನ್ ಇದ್ದರೆ ಶಾಪಿಂಗ್ ಆಸೆ ಬಿಟ್ಟುಬಿಡಿ.

ಇನ್ನೊಂದು ಮಾತು. ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಜಾತ್ರೆ ನಡೆಯುವುದು ಹೆಚ್ಚಾಗಿ ಸೆಪ್ಟೆಂಬರ್‌ನಲ್ಲಿ. 2026ರಲ್ಲಿ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ. ಆ ಜಾತ್ರೆಗೇ ಬರುವವರು ಬನ್ನಿ. ಬೇರೆಯವರು ಆ ಎರಡು ವಾರ ತಪ್ಪಿಸಿ, ಹೋಟೆಲ್ ಬಾಡಿಗೆ ಕೈಗೆ ಸಿಗುವುದಿಲ್ಲ.

## ಹಂತ 2: ಪೆಟ್ಟಿಗೆಗೆ ಏನು ಹಾಕಬೇಕು, ಏನು ಬಿಡಬೇಕು

ಮೊದಲು ಬಿಡಬೇಕಾದ್ದು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ಅಂದರೆ ಮನೆಯ ತುಪ್ಪ, ಧಾರವಾಡ ಪೇಡೆ, ಕುಂದಾ ಯಾವುದೂ ಬೇಡ. ಹಸಿ ಕರಿಬೇವನ್ನೂ ಸುಮ್ನೆ ಚೀಲದಲ್ಲಿ ತುರುಕಿಕೊಂಡು ಬರುವ ಹಾಗಿಲ್ಲ, ಗಿಡಸೊಪ್ಪಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ತರಬಹುದು. ಗೊಜ್ಜನ್ನು ಖಂಡಿತ ತನ್ನಿ, ಹಂತ 6ರಲ್ಲಿ ಅದಕ್ಕೆ ಕೆಲಸ ಇದೆ.

ತರಬೇಕಾದ್ದು:

- ಮಡಚುವ ಬಟ್ಟೆ ಚೀಲ ಎರಡು. ಇಲ್ಲಿ ಅಂಗಡಿಯವರು ಚೀಲ ಸುಮ್ನೆ ಕೊಡುವುದಿಲ್ಲ.
- ಮುಚ್ಚಳ ಗಟ್ಟಿಯಾಗಿರುವ ಸ್ಟೀಲ್ ಡಬ್ಬಿ, ಚಮಚ, ನೀರಿನ ಬಾಟಲಿ.
- ಮಳೆಗೆ ತಡೆಯುವ ಜಾಕೆಟ್, ಜೂನ್‌ನಲ್ಲಿ ಬಂದರೂ.
- ಊರಿನಲ್ಲೇ ಹಾಕಿ ಪಳಗಿಸಿದ ಶೂ. ಹೊಸ ಶೂ ಹಾಕಿಕೊಂಡು ಬಂದರೆ ಎರಡನೇ ದಿನಕ್ಕೆ ಹಿಮ್ಮಡಿಯಲ್ಲಿ ಗುಳ್ಳೆ.
- ಫೋನಿನಲ್ಲಿ ಎರಡು ಆಪ್: ನಗರದೊಳಗೆ ಎಂವಿವಿ, ಊರಾಚೆಗೆ ಡಿಬಿ ನ್ಯಾವಿಗೇಟರ್.
- ಕಾರ್ಡ್ ಜೊತೆಗೆ ಸ್ವಲ್ಪ ನಗದು. ಬಂದಮೇಲೆ 50 ಸೆಂಟ್, 1 ಯೂರೋ ನಾಣ್ಯಗಳನ್ನು ಖರ್ಚು ಮಾಡದೆ ಕೂಡಿಡಿ. ಶೌಚಾಲಯಕ್ಕೂ ಸೂಪರ್‌ಮಾರ್ಕೆಟ್ ತಳ್ಳುಗಾಡಿಗೂ ನಾಣ್ಯ ಬೇಕು.

ಮಾಮೂಲಿ ನೋವಿನ ಮಾತ್ರೆಯನ್ನೂ ತನ್ನಿ. ಇಲ್ಲಿ ಅದು ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವುದಿಲ್ಲ, ಅಪೊಥೇಕೆ ಎಂಬ ಔಷಧಿ ಅಂಗಡಿಗೇ ಹೋಗಬೇಕು.

## ಹಂತ 3: ವಿಮಾನ ನಿಲ್ದಾಣದಿಂದ ರೂಮಿಗೆ

ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನ 2023ರ ನವೆಂಬರ್‌ನಲ್ಲಿ ಶುರುವಾಯಿತು. ನಿಲ್ದಾಣ ಊರಿನಿಂದ ಸುಮಾರು 30 ಕಿಲೋಮೀಟರ್ ಆಚೆ. ಟ್ಯಾಕ್ಸಿ ದುಬಾರಿ. ಎಸ್-ಬಾನ್ ಎಂಬ ನಗರ ರೈಲು ಕೆಳಗೇ ನಿಂತಿರುತ್ತದೆ. ಎಸ್ 1 ಆದರೂ ಸರಿ, ಎಸ್ 8 ಆದರೂ ಸರಿ, ಮುಕ್ಕಾಲು ಗಂಟೆಯಲ್ಲಿ ಊರಿನ ನಡುವೆ ಇರುತ್ತೀರಿ.

ಟಿಕೆಟ್ ವಲಯದ ಲೆಕ್ಕದಲ್ಲಿ ನಡೆಯುತ್ತದೆ. ಊರು 'ಎಂ' ವಲಯ, ವಿಮಾನ ನಿಲ್ದಾಣ 5ನೇ ವಲಯ. ಬರೀ 'ಎಂ' ಟಿಕೆಟ್ ತೆಗೆದುಕೊಂಡು ವಿಮಾನ ನಿಲ್ದಾಣದಿಂದ ಬಂದರೆ ಅದು ಟಿಕೆಟ್ ಇಲ್ಲದ ಪ್ರಯಾಣ. ಇಬ್ಬರಿಗಿಂತ ಜಾಸ್ತಿ ಜನ ಇದ್ದರೆ ಗುಂಪಿನ ದಿನದ ಟಿಕೆಟ್ ತೆಗೆದುಕೊಳ್ಳಿ. ಅದರಲ್ಲಿ ಐದು ದೊಡ್ಡವರು ಓಡಾಡಬಹುದು. 6ರಿಂದ 14 ವರ್ಷದ ಇಬ್ಬರು ಮಕ್ಕಳು ಒಬ್ಬ ದೊಡ್ಡವರ ಲೆಕ್ಕ. ಮರುದಿನ ಬೆಳಿಗ್ಗೆ 6ರವರೆಗೆ ನಡೆಯುತ್ತದೆ.

ಇನ್ನು ಎಲ್ಲರೂ ಮಾಡುವ ತಪ್ಪು. ನಮ್ಮ ಮೆಟ್ರೋದ ಹಾಗೆ ಇಲ್ಲಿ ಗೇಟ್ ಇಲ್ಲ, ನೇರ ಒಳಗೆ ಹೋಗಬಹುದು. ಆದರೆ ಕಾಗದದ ಟಿಕೆಟ್ ಮೇಲೆ 'ಎಂಟ್‌ವೆರ್ಟೆನ್' ಎಂಬ ಪದ ಇದ್ದರೆ ಪ್ಲಾಟ್‌ಫಾರ್ಮ್‌ಗೆ ಇಳಿಯುವ ಮುಂಚೆ ನೀಲಿ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ ಟಿಕೆಟ್‌ಗೂ ದಂಡ 60 ಯೂರೋ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಪಕ್ಕದಲ್ಲಿ ಕೂತಿರಬಹುದು. "ನಾವು ಹೊಸಬರು" ಎಂದರೆ ಬಿಡುತ್ತಾರೆ ಅಂದುಕೊಳ್ಳಬೇಡಿ. ಆಪ್‌ನಲ್ಲಿ ಟಿಕೆಟ್ ಕೊಂಡರೆ ರೈಲು ಹತ್ತುವ ಮುಂಚೆಯೇ ಕೊಂಡಿರಬೇಕು, ತಪಾಸಣೆಯವರ ಮುಖ ನೋಡಿದ ಮೇಲಲ್ಲ.

## ಹಂತ 4: ಶಾಪಿಂಗ್, ಈ ಕ್ರಮದಲ್ಲಿ

ಮೊದಲು ಮಾರುಕಟ್ಟೆ. ಬೆಳಿಗ್ಗೆ ಹತ್ತಕ್ಕೆ ಊರ ನಡುವಿನ ಚೌಕವಾದ ಮರೀನ್‌ಪ್ಲಾಟ್ಸ್‌ನಲ್ಲಿ ಇಳಿಯಿರಿ. ಎರಡು ನಿಮಿಷ ನಡೆದರೆ ವಿಕ್ಟುವಾಲಿಯನ್‌ಮಾರ್ಕ್ಟ್: ಹಣ್ಣು, ಚೀಸ್, ಜೇನು, ಬ್ರೆಡ್. ಇಲ್ಲಿ ಹಣ್ಣನ್ನು ಒತ್ತಿ ನೋಡಬೇಡಿ, ಮುಟ್ಟಲೂಬೇಡಿ. ಏನು ಬೇಕೋ ಬೆರಳು ತೋರಿಸಿ, ಅವರೇ ಆರಿಸಿಕೊಡುತ್ತಾರೆ. ನಮ್ಮತ್ತೆ ಮಾವಿನಹಣ್ಣನ್ನು ಮೂಸಿ ನೋಡಿದಾಗ ಅಂಗಡಿಯಾಕೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಸೋಮವಾರ ಕೆಲವು ಮಳಿಗೆ ಮುಚ್ಚಿರುತ್ತವೆ, ಮಂಗಳವಾರದ ಮೇಲೆ ಹೋಗಿ.

ಆಮೇಲೆ ದೊಡ್ಡ ಬೀದಿ. ಮರೀನ್‌ಪ್ಲಾಟ್ಸ್‌ನಿಂದ ಪಶ್ಚಿಮಕ್ಕೆ ಕೌಫಿಂಗರ್‌ಶ್ಟ್ರಾಸೆ, ಅದೇ ಮುಂದೆ ನಾಯ್‌ಹೌಸರ್‌ಶ್ಟ್ರಾಸೆ. ವಾಹನ ಇಲ್ಲದ ಬೀದಿ, ಬಟ್ಟೆ, ಶೂ ಎಲ್ಲ ಇಲ್ಲೇ. ದುಬಾರಿ ಅಂಗಡಿಗಳ ಮ್ಯಾಕ್ಸಿಮಿಲಿಯನ್‌ಶ್ಟ್ರಾಸೆ ಕಡೆ ನೋಡಲು ಹೋಗಿ, ಕೊಳ್ಳಲು ಅಲ್ಲ. ಬೆಟ್ಟ ಹತ್ತುವವರಿಗೆ ಜಾಕೆಟ್, ಬೂಟು ಬೇಕಿದ್ದರೆ ಮರೀನ್‌ಪ್ಲಾಟ್ಸ್ ಪಕ್ಕದ ಶುಸ್ಟರ್, ಇಸಾರ್‌ಟೋರ್ ಹತ್ತಿರದ ಗ್ಲೋಬ್‌ಟ್ರಾಟರ್. ಮಳೆ ಹಿಡಿದರೆ ಯು-ಬಾನ್ ಎಂಬ ಮೆಟ್ರೋದಲ್ಲಿ ಒಲಿಂಪಿಯಾ ಐನ್‌ಕೌಫ್ಸ್‌ಸೆಂಟ್ರುಮ್ ಎಂಬ ಮಾಲ್‌ಗೆ ಹೋಗಿ, ಎಲ್ಲ ಒಂದೇ ಸೂರಿನಡಿ.

ಕೊನೆಗೆ ಡ್ರಗ್‌ಸ್ಟೋರ್ ಮತ್ತು ಸೂಪರ್‌ಮಾರ್ಕೆಟ್. ಭಾರ ಜಾಸ್ತಿ ಆಗುವುದು ಇಲ್ಲೇ, ಅದಕ್ಕೇ ಕೊನೆಗೆ. ಊರಿಗೆ ಒಯ್ಯುವ ಕ್ರೀಮ್, ಸೋಪು, ವಿಟಮಿನ್‌ಗೆ ಡಿಎಂ ಅಥವಾ ರೋಸ್‌ಮನ್. ಚಾಕೊಲೇಟ್‌ಗೆ ರೇವೆ, ಎಡೇಕಾ, ಆಲ್ಡಿ, ಲಿಡ್ಲ್. ಪ್ರವಾಸಿಗಳ ಅಂಗಡಿಯಲ್ಲಿ ಅದೇ ಚಾಕೊಲೇಟ್‌ಗೆ ಜಾಸ್ತಿ ಕೊಡಬೇಡಿ. ಮಕ್ಕಳಿಗೆಂದು ಕೊಳ್ಳುವ ಅಂಟಂಟು ಗಮ್ಮಿಗಳಲ್ಲಿ ಜೆಲಟಿನ್ ಇರುತ್ತದೆ, ಹೆಚ್ಚಾಗಿ ಹಂದಿಯದು. ಸಸ್ಯಾಹಾರಿಗಳ ಮನೆಗೆ ಕೊಡುವ ಮುಂಚೆ ಪ್ಯಾಕೆಟ್ ಮೇಲೆ 'ವೆಗಾನ್' ಅಥವಾ 'ವೆಗೆಟಾರಿಶ್' ಇದೆಯಾ ನೋಡಿ. ಕೌಂಟರ್‌ನಲ್ಲಿ ಸಾಮಾನು ಬಿರುಗಾಳಿಯ ಹಾಗೆ ನಿಮ್ಮ ಕಡೆ ಬರುತ್ತದೆ. ಚೀಲ ತುಂಬುವುದು ನಿಮ್ಮ ಕೆಲಸ, ಮೊದಲೇ ಚೀಲ ಬಿಚ್ಚಿಟ್ಟುಕೊಂಡು ನಿಲ್ಲಿ.

ಬಾಟಲಿಯ ಲೆಕ್ಕ ಗೊತ್ತಿರಲಿ. ನೀರು, ಕೋಲಾ ಕೊಂಡಾಗ ಬಿಲ್‌ನಲ್ಲಿ 'ಫಾಂಡ್' ಎಂಬ ಸಾಲು ಕಾಣುತ್ತದೆ. ಅದು ಠೇವಣಿ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗೆ 25 ಸೆಂಟ್. ಖಾಲಿ ಬಾಟಲಿಯನ್ನು ಜಜ್ಜದೆ, ಲೇಬಲ್ ಕೀಳದೆ ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿ. ಚೀಟಿ ಬರುತ್ತದೆ, ಕೌಂಟರ್‌ನಲ್ಲಿ ಕೊಟ್ಟರೆ ದುಡ್ಡು. ನಮ್ಮಲ್ಲಿ ಬಾಟಲಿ ಜಜ್ಜಿ ಬಿಸಾಡುವುದು ಒಳ್ಳೆಯ ಅಭ್ಯಾಸ, ಇಲ್ಲಿ ಹಾಗೆ ಮಾಡಿದರೆ ಯಂತ್ರ ವಾಪಸ್ ಉಗುಳುತ್ತದೆ.

ಕಾರ್ಡ್ ಯಂತ್ರ "ರೂಪಾಯಿಯಲ್ಲಾ, ಯೂರೋದಲ್ಲಾ" ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಯಂತ್ರದವರ ದರ ಬೀಳುತ್ತದೆ, ಅದು ನಿಮಗೆ ನಷ್ಟ.

### ತೆರಿಗೆ ವಾಪಸಾತಿ: ಅರ್ಧ ಜನ ಇಲ್ಲೇ ಸೋಲುತ್ತಾರೆ

ಜರ್ಮನಿಯಲ್ಲಿ ಹೆಚ್ಚಿನ ಸಾಮಾನಿನ ಬೆಲೆಯೊಳಗೆ 19% ತೆರಿಗೆ ಸೇರಿದೆ. ಒಕ್ಕೂಟದ ಹೊರಗೆ ವಾಸಿಸುವವರು ಒಂದೇ ಬಿಲ್‌ನಲ್ಲಿ 50 ಯೂರೋಗಿಂತ ಹೆಚ್ಚು ಕೊಂಡರೆ ಅದರ ಒಂದು ಭಾಗ ವಾಪಸ್ ಪಡೆಯಬಹುದು. ಮಧ್ಯವರ್ತಿ ಸಂಸ್ಥೆಯ ಶುಲ್ಕ ಕಳೆದು ಕೈಗೆ ಬರುವುದು ಕಡಿಮೆಯೇ. ಆದರೂ ದೊಡ್ಡ ಖರೀದಿಗೆ ಬಿಡಬೇಡಿ.

ದುಡ್ಡು ಕೊಡುವಾಗಲೇ "ಟ್ಯಾಕ್ಸ್ ಫ್ರೀ" ಎಂದು ಕೇಳಿ, ಪಾಸ್‌ಪೋರ್ಟ್ ತೋರಿಸಿ, ಫಾರಂ ತೆಗೆದುಕೊಳ್ಳಿ. ಮಾರನೇ ದಿನ ಹೋಗಿ ಕೇಳಿದರೆ ಹಲವು ಕಡೆ ಆಗುವುದಿಲ್ಲ. ಸಾಮಾನು ಬಳಸಬಾರದು, ಬೆಲೆಚೀಟಿ ಕೀಳಬಾರದು. ಮುಖ್ಯವಾಗಿ, ಇಲ್ಲೇ ಕೆಲಸದಲ್ಲಿರುವ ಮಗನ ಹೆಸರಿನಲ್ಲಿ ಫಾರಂ ಮಾಡಿಸಿದರೆ ನಡೆಯದು, ಅವನು ಇಲ್ಲಿಯ ನಿವಾಸಿ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಬೇಕು, ಹೆಸರೂ ಅವರದೇ ಇರಬೇಕು. ನನ್ನ ಗೆಳೆಯನೊಬ್ಬ ಅಮ್ಮನ ಪಾಸ್‌ಪೋರ್ಟ್ ಮನೆಯಲ್ಲೇ ಬಿಟ್ಟು ಹೋಗಿ, ಕುಕ್‌ವೇರ್ ಸೆಟ್ ಹೊತ್ತುಕೊಂಡು ಎರಡು ಸಲ ಅದೇ ಅಂಗಡಿಗೆ ಅಲೆದ.

ಹಾಗೆಯೇ, ಅಂಗಡಿಯಲ್ಲಿ ನೋಡಿ ಕೊಂಡ ವಸ್ತುವನ್ನು "ಇಷ್ಟವಾಗಲಿಲ್ಲ" ಎಂದು ವಾಪಸ್ ಕೊಡಲು ಕಾನೂನಿನ ಹಕ್ಕು ಇಲ್ಲ. ಹಲವು ಅಂಗಡಿಗಳು ತಾವಾಗಿಯೇ ತೆಗೆದುಕೊಳ್ಳುತ್ತವೆ, ಬಿಲ್ ಇದ್ದರೆ. ಬಿಲ್ ಇಟ್ಟುಕೊಳ್ಳಿ.

## ಹಂತ 5: ಹೋಟೆಲ್ ಊಟ

ಮಾಂಸ ತಿನ್ನುವವರಿಗೆ ಇಲ್ಲಿ ಕಷ್ಟವೇ ಇಲ್ಲ. ಒಂದೇ ನೆನಪಿಡಿ: ವೈಸ್‌ವುರ್ಸ್ಟ್ ಎಂಬ ಬಿಳಿ ಸಾಸೇಜ್ ಬೆಳಗಿನ ತಿಂಡಿ, ಮಧ್ಯಾಹ್ನ 12ರ ಒಳಗೆ ತಿನ್ನುವುದು ರೂಢಿ. ಅದರಲ್ಲಿ ಕರುವಿನ ಮಾಂಸ, ಹಂದಿ ಮಾಂಸ ಎರಡೂ ಇರುತ್ತವೆ.

ಸಸ್ಯಾಹಾರಿಗಳಿಗೆ ಬಲೆ ಇರುವುದು ಹೆಸರುಗಳಲ್ಲಿ. 'ಕೇಸೆ' ಎಂದರೆ ಚೀಸ್. ಆದರೆ 'ಲೇಬರ್‌ಕೇಸ್' ಪೂರ್ತಿ ಮಾಂಸ, ಚೀಸ್‌ಗೂ ಅದಕ್ಕೂ ಸಂಬಂಧವಿಲ್ಲ. ಆಲೂಗಡ್ಡೆ ಸಲಾಡ್ ನೋಡಲು ಸಾಧು, ಬವೇರಿಯಾದಲ್ಲಿ ಅದನ್ನು ಎಷ್ಟೋ ಕಡೆ ಮಾಂಸದ ಸಾರಿನಲ್ಲಿ ನೆನೆಸುತ್ತಾರೆ. ಹುಳಿ ಕೋಸು, ಕೆಂಪು ಕೋಸಿನ ಪಲ್ಯದಲ್ಲಿ 'ಶ್ಪೆಕ್' ಎಂಬ ಹಂದಿಯ ಚೂರು ಅಥವಾ ಕೊಬ್ಬು ಬಿದ್ದಿರಬಹುದು. "ಮಾಂಸ ಇಲ್ಲ ತಾನೇ?" ಎಂದು ಕೇಳಿದರೆ ಕೆಲವರು ಶ್ಪೆಕ್ ಅನ್ನು ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಮೂರು ಮಾತು ಕಲಿಯಿರಿ: "ಓನೆ ಫ್ಲೈಶ್, ಓನೆ ಶ್ಪೆಕ್, ಓನೆ ಫಿಶ್." ಓನೆ ಎಂದರೆ ಇಲ್ಲದೆ.

ಮೊಟ್ಟೆಯೂ ಬೇಡ ಎನ್ನುವವರು 'ವೆಜಿಟೇರಿಯನ್' ಎಂದು ಹೇಳಿದರೆ ಸಾಲದು, ಇಲ್ಲಿ ಮೊಟ್ಟೆ ಅದರೊಳಗೇ ಬರುತ್ತದೆ. 'ವೆಗಾನ್' ಎಂದು ಕೇಳಿ. ಹಾಲು, ತುಪ್ಪ ಬಿಟ್ಟುಹೋಗುತ್ತದೆ, ಆದರೆ ಅನುಮಾನ ಉಳಿಯುವುದಿಲ್ಲ.

ಮೊಟ್ಟೆ ಪರವಾಗಿಲ್ಲ ಎನ್ನುವವರಿಗೆ ಕೇಸೆ-ಶ್ಪೆಟ್ಸ್ಲೆ ಹೊಟ್ಟೆ ತುಂಬಿಸುವ ಊಟ: ಮೊಟ್ಟೆ ಸೇರಿಸಿದ ಹಿಟ್ಟಿನ ಶಾವಿಗೆಯಂಥದ್ದು, ಮೇಲೆ ಕರಗಿದ ಚೀಸ್, ಹುರಿದ ಈರುಳ್ಳಿ. ಅಣಬೆ ಸಾಸ್ ಜೊತೆ ಸೆಮ್ಮೆಲ್‌ಕ್ನೋಡೆಲ್ ಎಂಬ ಬ್ರೆಡ್ ಉಂಡೆಯೂ ಚೆನ್ನ. ಸಿಹಿಗೆ ಕೈಸರ್‌ಶ್ಮಾರನ್ ಎಂಬ ಚೂರು ಮಾಡಿದ ಪ್ಯಾನ್‌ಕೇಕ್. ಒಂದು ಪ್ಲೇಟ್ ಇಬ್ಬರಿಗೆ ಸಾಕು, ಜಾಸ್ತಿ ಹೇಳಬೇಡಿ.

ಹೊತ್ತಿನ ವಿಷಯ. ಹಲವು ಹೋಟೆಲ್‌ಗಳಲ್ಲಿ ಮಧ್ಯಾಹ್ನ ಎರಡರ ಮೇಲೆ ಸಂಜೆಯ ತನಕ ಅಡುಗೆಮನೆ ಮುಚ್ಚಿರುತ್ತದೆ. ರಾತ್ರಿ ಒಂಬತ್ತು, ಒಂಬತ್ತೂವರೆಗೆ ಮತ್ತೆ ಮುಗಿಯಿತು. ನಮ್ಮ ಹಾಗೆ ಒಂಬತ್ತೂಮುಕ್ಕಾಲಿಗೆ ಊಟಕ್ಕೆ ಹೊರಟರೆ ಕಬಾಬ್ ಅಂಗಡಿಯೇ ಗತಿ. ಅಲ್ಲಿ ಫಲಾಫೆಲ್ ಸಿಗುತ್ತದೆ, ಸಸ್ಯಾಹಾರಿಗಳ ಆಪದ್ಬಾಂಧವ ಅದು. ನೀರು ಕೇಳಿದರೆ ಬಾಟಲಿ ಬರುತ್ತದೆ, ಅದಕ್ಕೂ ದುಡ್ಡು, ಅದೂ ಗ್ಯಾಸ್ ತುಂಬಿದ್ದು. ಸಾದಾ ನೀರಿಗೆ "ಶ್ಟಿಲ್ಲೆಸ್ ವಾಸರ್" ಎನ್ನಿ. ರೂಮಿನ ನಲ್ಲಿ ನೀರನ್ನು ಧೈರ್ಯವಾಗಿ ಬಾಟಲಿಗೆ ತುಂಬಿಕೊಳ್ಳಿ.

ಟಿಪ್ಸ್ ಅನ್ನು ಮೇಜಿನ ಮೇಲೆ ಬಿಟ್ಟು ಬರುವುದಲ್ಲ. ಬಿಲ್ 28 ಯೂರೋ ಆದರೆ ಕೊಡುವಾಗಲೇ "30" ಎಂದು ಹೇಳಿ. ಐದರಿಂದ ಹತ್ತು ಪರ್ಸೆಂಟ್ ಸಾಕು.

## ಹಂತ 6: ಬುತ್ತಿ ಕಟ್ಟಿಕೊಂಡು ಬಿಯರ್‌ಗಾರ್ಟನ್‌ಗೆ

ಬಿಯರ್‌ಗಾರ್ಟನ್ ಎಂದರೆ ಬಯಲಿನಲ್ಲಿ ಮೇಜು ಹಾಕಿರುವ ಬಿಯರ್ ತೋಟ. ನಮ್ಮವರು ಬಹಳಷ್ಟು ಜನ ಹೆಸರು ಕೇಳಿಯೇ ದೂರ ಉಳಿಯುತ್ತಾರೆ. ಆದರೆ ಅಪ್ಪ ಅಮ್ಮನ ಜೊತೆ ಊಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಈ ಊರಿನಲ್ಲಿಲ್ಲ. ಬವೇರಿಯಾದ ಬಿಯರ್‌ಗಾರ್ಟನ್‌ಗೆ ಮನೆಯ ಊಟ ತಂದು ತಿನ್ನಬಹುದು, ಅದು ಇಲ್ಲಿಯ ಹಳೆಯ ಹಕ್ಕು. ಚಿತ್ರಾನ್ನ ತನ್ನಿ, ಪುಳಿಯೋಗರೆ ತನ್ನಿ, ಯಾರೂ ಕೇಳುವುದಿಲ್ಲ. ಪಕ್ಕದ ಮೇಜಿನವರೂ ಮನೆಯಿಂದ ಮೂಲಂಗಿ, ಚೀಸ್ ಡಬ್ಬಿ ತಂದು ಬಿಚ್ಚಿರುತ್ತಾರೆ.

ಮಾಡುವ ಕ್ರಮ ಹೀಗೆ. ಮೊದಲು ಮೇಜು ಹುಡುಕಿ, ಮೇಜುಬಟ್ಟೆ ಹಾಸಿರದ ಮರದ ಮೇಜು. ಬಟ್ಟೆ ಹಾಸಿದ್ದರೆ ಅಲ್ಲಿ ಮಾಣಿ ಬಡಿಸುತ್ತಾನೆ, ಅಲ್ಲಿ ಬುತ್ತಿ ಬಿಚ್ಚುವಂತಿಲ್ಲ. 'ಶ್ಟಾಮ್‌ಟಿಶ್' ಎಂಬ ಫಲಕ ಇದ್ದರೆ ಅದು ಖಾಯಂ ಗಿರಾಕಿಗಳ ಜಾಗ, ಅಲ್ಲಿ ಕೂರಬೇಡಿ. ಉಳಿದ ಕಡೆ ಅರ್ಧ ಮೇಜು ಖಾಲಿ ಇದ್ದರೆ "ಇಸ್ಟ್ ಹಿಯರ್ ಫ್ರೈ?" ಎಂದು ಕೇಳಿ ಕೂರಬಹುದು. ಆಮೇಲೆ ಒಬ್ಬರು ಹೋಗಿ ಕುಡಿಯಲು ತನ್ನಿ. ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು, ಇದೇ ನಿಯಮದ ಇನ್ನೊಂದು ಅರ್ಧ. ಬಿಯರ್ ಬೇಡವಾದರೆ ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್ಫೆಲ್‌ಶೋರ್ಲೆ ಇದೆ. ಲೋಟಕ್ಕೂ ಠೇವಣಿ ಕೇಳುವುದುಂಟು. ಹಾಗೆ ಟೋಕನ್ ಕೊಟ್ಟರೆ ಲೋಟದ ಜೊತೆ ಅದನ್ನೂ ಹಿಂದಿರುಗಿಸಿದರೆ ದುಡ್ಡು ವಾಪಸ್.

ಹಿರ್ಷ್‌ಗಾರ್ಟನ್, ಇಂಗ್ಲಿಷ್ ಗಾರ್ಡನ್ ಒಳಗಿನ ಚೀನೀ ಗೋಪುರ ಎರಡೂ ದೊಡ್ಡವು. ಮಳೆ ಬಂದರೆ ಮುಚ್ಚುತ್ತವೆ, ಬುತ್ತಿ ಕಟ್ಟುವ ಮುಂಚೆ ಆಕಾಶ ನೋಡಿ.

## ಹಂತ 7: ಊರೊಳಗಿನ ಬಯಲು

ಇಂಗ್ಲಿಷ್ ಗಾರ್ಡನ್‌ಗೆ ಯೂನಿವರ್ಸಿಟೇಟ್ ನಿಲ್ದಾಣದಲ್ಲಿ ಇಳಿದು ನಡೆಯಿರಿ. ಸುಮಾರು 375 ಹೆಕ್ಟೇರ್ ಇದೆ, ಪೂರ್ತಿ ಸುತ್ತುವ ಹಟ ಬೇಡ. ಒಳಗೆ ಹರಿಯುವ ಐಸ್‌ಬಾಖ್ ಕಾಲುವೆಯಲ್ಲಿ ಹುಡುಗರು ತೇಲಿಕೊಂಡು ಹೋಗುವುದು ಕಾಣುತ್ತದೆ. ನೀವು ಇಳಿಯಬೇಡಿ. ನೀರು ಕೊರೆಯುವಷ್ಟು ತಣ್ಣಗೆ, ಸೆಳೆತ ಭಾರಿ, ಇಳಿಯುವುದಕ್ಕೆ ನಿಷೇಧವೂ ಇದೆ. ಮತ್ತೆ, ದಕ್ಷಿಣದ ಶೋನ್‌ಫೆಲ್ಡ್ ಹುಲ್ಲುಗಾವಲಿನಲ್ಲಿ ಬೇಸಿಗೆಯಲ್ಲಿ ಬಟ್ಟೆಯಿಲ್ಲದೆ ಬಿಸಿಲು ಕಾಯಿಸುವವರು ಇರುತ್ತಾರೆ. ಅಜ್ಜ ಅಜ್ಜಿ ಜೊತೆಗಿದ್ದರೆ ಮೊದಲೇ ಹೇಳಿಬಿಡಿ, ಇಲ್ಲವೇ ದಾರಿ ಬದಲಿಸಿ. ಫೋಟೋ ಅಂತೂ ತೆಗೆಯಲೇಬೇಡಿ.

ಥಾಲ್‌ಕಿರ್ಷೆನ್‌ನಲ್ಲಿ ಇಳಿದರೆ ಇಸಾರ್ ನದಿ, ಫ್ಲೌಖರ್ ಎಂಬ ಕಲ್ಲುಹಾಸಿನ ದಡ. ಮಕ್ಕಳಿಗೆ ಅರ್ಧ ದಿನ ಹೋಗುವುದೇ ಗೊತ್ತಾಗುವುದಿಲ್ಲ. ಮಳೆ ಬಂದ ಮರುದಿನ ಬೇಡ. ಒಲಿಂಪಿಕ್ ಪಾರ್ಕ್‌ನ ಗುಡ್ಡ ಸಂಜೆಗೆ. ಶುಭ್ರ ದಿನ ಆಲ್ಪ್ಸ್ ಸಾಲು ಕಾಣುತ್ತದೆ, ದುಡ್ಡಿಲ್ಲ. ಜೂನ್‌ನಲ್ಲಿ ಸೂರ್ಯ ಮುಳುಗುವುದು ಒಂಬತ್ತೂಕಾಲಿಗೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ಅದಕ್ಕೆ ತಕ್ಕ ಹಾಗೆ ಹೊರಡಿ.

ಫುಟ್‌ಪಾತ್ ಪಕ್ಕದ ಸೈಕಲ್ ದಾರಿಯಲ್ಲಿ ನಡೆಯಬೇಡಿ, ನಿಂತು ಸೆಲ್ಫಿಯಂತೂ ಬೇಡವೇ ಬೇಡ. ಗಂಟೆ ಬಾರಿಸಿದರೆ ಅದು ನಮಸ್ಕಾರ ಅಲ್ಲ.

## ಹಂತ 8: ಒಂದು ದಿನ ಊರಾಚೆ

ಮೊದಲ ಸಲಕ್ಕೆ ನನ್ನ ಆಯ್ಕೆ ಹೆರ್ಷಿಂಗ್. ಎಸ್ 8ರ ಕೊನೆಯ ನಿಲ್ದಾಣ, ಅಮ್ಮರ್‌ಸೇ ಕೆರೆಯ ದಡ. ಅಲ್ಲಿಂದ ಕೀನ್‌ಟಾಲ್ ಕಾಡಿನ ತೊರೆಯ ಪಕ್ಕ ಒಂದು ಗಂಟೆ ಚಿಲ್ಲರೆ ನಡೆದರೆ ಆಂಡೆಕ್ಸ್ ಮಠದ ಗುಡ್ಡ. ಕೊನೆಯಲ್ಲಿ ಏರು ಇದೆ, ನಿಧಾನ ಹತ್ತಿ. ಇಳಿಯುವಾಗ ದಾರಿ ಬಿಟ್ಟು ಅಡ್ಡ ನುಗ್ಗಬೇಡಿ, ಇಳಿಜಾರು ಕಡಿದಾಗಿದೆ. ಮಂಡಿ ನೋವಿದ್ದರೆ ಬಸ್ ಇದೆ.

ದೂರ ಹೋಗುವವರಿಗೆ ಬೈಯರ್ನ್-ಟಿಕೆಟ್ ಎಂಬ ಇಡೀ ಬವೇರಿಯಾದ ದಿನದ ಟಿಕೆಟ್. ಐದು ಜನರ ತನಕ ಒಂದೇ ಟಿಕೆಟ್, ಪ್ರಾದೇಶಿಕ ರೈಲುಗಳಲ್ಲಿ ಮಾತ್ರ. ಐಸಿಇ, ಐಸಿ ಎಂಬ ದೂರದ ವೇಗದ ರೈಲು ಹತ್ತಿದರೆ ದಂಡ. ಸೋಮವಾರದಿಂದ ಶುಕ್ರವಾರ ಅದು ಶುರುವಾಗುವುದು ಬೆಳಿಗ್ಗೆ 9ಕ್ಕೆ, 8:50ರ ರೈಲು ಹತ್ತಿದರೆ ನಡೆಯದು. ಟಿಕೆಟ್ ಮೇಲೆ ಹೆಸರು ಬರೆಯಲು ಮರೆಯಬೇಡಿ.

ಟೇಗರ್ನ್‌ಸೇ ಕೆರೆಗೆ ಹೊರಟವರು ಬೇರೆಲ್ಲೋ ಇಳಿದ ಕಥೆ ಬಹಳ ಇದೆ. ಆ ರೈಲು ದಾರಿಯಲ್ಲಿ ಹೋಲ್ಸ್‌ಕಿರ್ಷೆನ್, ಶಾಫ್ಟ್‌ಲಾಖ್‌ಗಳಲ್ಲಿ ತುಂಡಾಗಿ ಬೇರೆ ಬೇರೆ ಊರಿಗೆ ಹೋಗುತ್ತದೆ. ಹತ್ತುವ ಮುಂಚೆ ಬೋಗಿಯ ಮೇಲಿನ ಊರ ಹೆಸರು ಓದಿ. 2962 ಮೀಟರ್ ಎತ್ತರದ ಸುಗ್‌ಶ್ಪಿಟ್ಸೆಗೆ ಹೋಗುವುದಾದರೆ ಟಿಕೆಟ್ ಕೊಳ್ಳುವ ಮುಂಚೆ ತುದಿಯ ವೆಬ್‌ಕ್ಯಾಮ್ ನೋಡಿ. ಕೆಳಗೆ ಬಿಸಿಲಿದ್ದೂ ಮೇಲೆ ಬರೀ ಮೋಡ ಇದ್ದರೆ ದುಬಾರಿ ದುಡ್ಡು ಕೊಟ್ಟು ಬಿಳಿ ಗೋಡೆ ನೋಡಿ ಬರುತ್ತೀರಿ. ಬೇಸಿಗೆಯ ಮಧ್ಯಾಹ್ನ ಬೆಟ್ಟದಲ್ಲಿ ಗುಡುಗು ಸಾಮಾನ್ಯ, ಬೇಗ ಹೋಗಿ ಬೇಗ ಇಳಿಯಿರಿ. ಅಪಾಯಕ್ಕೆ ಫೋನ್ 112.

## ಕಂಡರೆ ನಿಲ್ಲಬೇಕಾದ ಪದಗಳು

ಇವನ್ನು ಫೋನಿನಲ್ಲಿ ಬರೆದುಕೊಳ್ಳಿ.

- ನಿಖ್ಟ್ ಐನ್‌ಶ್ಟೈಗೆನ್: ಈ ರೈಲು ಹತ್ತಬೇಡಿ.
- ಸುಗ್‌ಟೈಲುಂಗ್: ರೈಲು ಮುಂದೆ ತುಂಡಾಗುತ್ತದೆ.
- ಶೀನೆನ್‌ಎರ್ಸಾಟ್ಸ್‌ಫೆರ್ಕೇರ್: ರೈಲು ಇಲ್ಲ, ಬದಲಿ ಬಸ್. ವಾರಾಂತ್ಯಗಳಲ್ಲಿ ಊರಿನ ನಡುವಿನ ಎಸ್-ಬಾನ್ ಹಳಿಯಲ್ಲಿ ಕೆಲಸ ನಡೆಯುವುದುಂಟು, ಹಿಂದಿನ ರಾತ್ರಿಯೇ ಆಪ್ ನೋಡಿ.
- ರೂಎಟಾಗ್: ಹೋಟೆಲ್‌ಗೆ ವಾರದ ರಜೆ.
- ನೂರ್ ಬಾರ್‌ಸಾಲುಂಗ್: ಬರೀ ನಗದು.
- ಗೆಶ್ಪೆರ್ಟ್: ದಾರಿ ಮುಚ್ಚಿದೆ. ಕೆಳಗೆ ಲೇಬೆನ್ಸ್‌ಗೆಫಾರ್ ಅಂತಲೂ ಇದ್ದರೆ ಪ್ರಾಣಾಪಾಯ, ಬೇಲಿ ದಾಟಬೇಡಿ.

## ಹಂತ 9: ವಾಪಸ್ ಹೊರಡುವ ದಿನ

ಹಿಂದಿನ ದಿನ ಸಂಜೆ 8ರೊಳಗೆ ಖಾಲಿ ಬಾಟಲಿಗಳನ್ನು ಯಂತ್ರಕ್ಕೆ ಹಾಕಿ ಮುಗಿಸಿ. ಕೊಂಡ ಚಾಕು, ಕತ್ತರಿ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಗೆ ಹೋಗಲಿ. ತೆರಿಗೆ ಫಾರಂ ಇರುವ ಸಾಮಾನು ಪೆಟ್ಟಿಗೆಯ ಮೇಲ್ಭಾಗದಲ್ಲಿ ಇರಲಿ.

ವಿಮಾನ ನಿಲ್ದಾಣಕ್ಕೆ ಎಸ್ 8 ಹತ್ತುವುದು ಸುಲಭ. ಎಸ್ 1 ಹತ್ತಿದರೆ ಜೋಕೆ. ನೊಯ್‌ಫಾರ್ನ್ ನಿಲ್ದಾಣದಲ್ಲಿ ಅದು ಎರಡಾಗುತ್ತದೆ. ಮುಂದಿನ ಭಾಗ ಫ್ರೈಸಿಂಗ್ ಎಂಬ ಬೇರೆ ಊರಿಗೆ, ಹಿಂದಿನ ಭಾಗ ಮಾತ್ರ ವಿಮಾನಕ್ಕೆ. ನಮ್ಮ ಮಾವ ಫ್ರೈಸಿಂಗ್ ನೋಡಿಕೊಂಡು ಬಂದವರೇ. ಅವತ್ತು ನಾಲ್ಕು ಗಂಟೆ ಮುಂಚೆ ಹೊರಟಿದ್ದರಿಂದ ವಿಮಾನ ಸಿಕ್ಕಿತು.

ನಿಲ್ದಾಣದಲ್ಲಿ ಕ್ರಮ ತಪ್ಪಿಸಬೇಡಿ. ಸಾಮಾನು ದೊಡ್ಡ ಪೆಟ್ಟಿಗೆಯಲ್ಲಿದ್ದರೆ ಮೊದಲು ಏರ್‌ಲೈನ್ ಕೌಂಟರ್‌ಗೆ ಹೋಗಿ, ಒಳಗೆ ತೆರಿಗೆ ಸಾಮಾನಿದೆ ಎಂದು ಹೇಳಿ, ಚೀಟಿ ಅಂಟಿಸಿದ ಪೆಟ್ಟಿಗೆಯನ್ನು ವಾಪಸ್ ಪಡೆದು 'ಸೋಲ್' ಎಂಬ ಕಸ್ಟಮ್ಸ್ ಕೌಂಟರ್‌ಗೆ ಒಯ್ಯಿರಿ. ಫಾರಂ, ಬಿಲ್, ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್, ಸಾಮಾನು ಎಲ್ಲ ತೋರಿಸಿ. ಸ್ಟಾಂಪ್ ಬಿದ್ದ ಮೇಲೆ ಪೆಟ್ಟಿಗೆ ಬೆಲ್ಟಿಗೆ, ಫಾರಂ ದುಡ್ಡು ಕೊಡುವ ಕೌಂಟರ್‌ಗೆ. ಕೈಚೀಲದಲ್ಲಿ ಒಯ್ಯುವ ಸಾಮಾನಿಗೆ ಒಕ್ಕೂಟ ಬಿಡುವ ಕೊನೆಯ ನಿಲ್ದಾಣದಲ್ಲಿ ಸ್ಟಾಂಪ್. ಪ್ಯಾರಿಸ್ ಮೇಲೆ ಹೋಗುವವರಿಗೆ ಅದು ಪ್ಯಾರಿಸ್, ದುಬೈ ಮೇಲೆ ಹೋಗುವವರಿಗೆ ಮ್ಯೂನಿಕ್‌ನಲ್ಲೇ. ಇಷ್ಟಕ್ಕೆ ಒಂದು ಗಂಟೆ ಜಾಸ್ತಿ ಇಟ್ಟುಕೊಂಡು ಹೊರಡಿ, ಸಾಲು ಉದ್ದ ಇರುತ್ತದೆ. ಸ್ಟಾಂಪ್ ಇಲ್ಲದ ಫಾರಂ ಬೆಂಗಳೂರಿಗೆ ತಂದರೆ ಅದು ಬರೀ ಕಾಗದ.